ಹತ್ತು ಮಿಲಿ ನೀರು

ಹೊಂಗೇನಹಳ್ಳಿ ಕೆರೆಯಂಗಳದಲ್ಲೀಗ ಮೂರು ಪಿಚ್ಚು.
ನಡುವಿನದರ ವಿಕೆಟ್ಟಿನ ಹಿಂದೆ ಮೊಣಕಾಲೂರಿ
ಸುತ್ತಿಗೆಯಿಂದ ಕೊಳವೆ ಬಡಿಯುತ್ತಿದ್ದೇನೆ.
'ಅಕ್ಕಾ, ಬೋರ್‌ವೆಲ್ಲಾ?' ಕೀಪರ್ ಹುಡುಗ.
ಇಲ್ಲ ಕಣೋ, ಒಂದು ಗೇಣು ಅಷ್ಟೇ. ಮಣ್ಣಿಗೆ.
'ಮಣ್ಣಲ್ಲೇನಿದೆ?'
ಒಂದು ಚಮಚದೊಳಗೆ ಈ ಊರಿನ ಜನಕ್ಕಿಂತ ಹೆಚ್ಚು ಜೀವ...
'ಇದೆ' ಅನ್ನಲೋ 'ಇತ್ತು' ಅನ್ನಲೋ ತೋಚದೆ
ಸುಮ್ಮನಾದೆ. ಅಷ್ಟರಲ್ಲಿ ಚೆಂಡು
ಬಿರುಕಿನೊಳಗೆ ಬಿತ್ತು.

ಬೋರಲು ಮಲಗಿ ಕೈ ಇಳಿಬಿಟ್ಟ.
ಭುಜದ ತನಕ ಹೋಯಿತು, ಚೆಂಡು ಸಿಗಲಿಲ್ಲ.
'ಒಳಗೆ ತಣ್ಣಗಿದೆ ಅಕ್ಕಾ' ಎಂದ.
ಅದನ್ನೂ ಬರೆದುಕೊಂಡೆ, ಅದಕ್ಕೆ ಕಾಲಂ ಇಲ್ಲದಿದ್ದರೂ.

ಸಮುದ್ರಕ್ಕಿಂತ ಮೂರು ಸಾವಿರ ಅಡಿ ಮೇಲೆ
ಹೊಳೆಯಿಲ್ಲದ ದಿಣ್ಣೆಯ ಊರು ನಮ್ಮದು.
ಆಕಾಶ ಕೊಟ್ಟದ್ದಕ್ಕೆ ಅಡ್ಡ ಕಟ್ಟೆ ಹಾಕಿದವರು
ಹಿಡಿದಿಟ್ಟದ್ದು ನೀರನ್ನಷ್ಟೇ ಅಲ್ಲ.
ತಳದ ಕಪ್ಪಿನಲ್ಲಿ, ಗಾಳಿ ಸೋಕಿದರೆ ಸಾಯುವ ಒಂದು ಕುಲ
ಕೊಳೆತದ್ದನ್ನುಂಡು ಗುಳ್ಳೆ ಬಿಡುತ್ತ ಬಾಳಿತ್ತು.
ನೀರಿಳಿಯಿತು. ನೆಲ ಬಾಯಿಬಿಟ್ಟಿತು.
ನಾವು ಉಸಿರಾಡುವ ಗಾಳಿಯೇ
ಮೊದಲು ಅವನ್ನು ಕೊಂದದ್ದು.

ಮಿಕ್ಕವು ಮಿಕ್ಕ ಬಗೆ ಒಂದೊಂದು.
ಕೆಲವು ಒಳಗೊಳಗೇ ಸಕ್ಕರೆ ಕೂಡಿಟ್ಟು
ಆ ಪಾಕದಲ್ಲಿ ತಮ್ಮನ್ನೇ ಮುರಬ್ಬ ಮಾಡಿಕೊಂಡಿವೆ.
ಕೆಲವು ಗೋಡೆ ದಪ್ಪಗೆ ಕಟ್ಟಿ, ಒಳಗಿಂದ ಬೀಗ ಹಾಕಿ
ಕೀಲಿಯನ್ನೂ ನುಂಗಿ ಮಲಗಿವೆ.
ಬೂಷ್ಟು ಮಾತ್ರ ದಾರ ಚಾಚುತ್ತಲೇ ಇದೆ
ಒಂದು ಹರಳಿನ ತೇವದಿಂದ ಇನ್ನೊಂದಕ್ಕೆ,
ನಮ್ಮ ವಠಾರದ ಸಂಪಂಗಮ್ಮ ಪೈಪು ಹೆಗಲಿಗೇರಿಸಿ
ಟ್ಯಾಂಕರಿನಿಂದ ಟ್ಯಾಂಕರಿಗೆ ಓಡುವ ಹಾಗೆ.

ಲ್ಯಾಬಿನಲ್ಲಿ ಅಳತೆ ಕಟ್ಟುನಿಟ್ಟು:
ಐವತ್ತು ಗ್ರಾಂ ಒಣಮಣ್ಣಿಗೆ ಹತ್ತು ಮಿಲಿ ನೀರು,
ಬಿಗಿಮುಚ್ಚಳದ ಸೀಸೆ, ಮುಚ್ಚಳದಲ್ಲಿ ಸೂಜಿ.
ಮನೆಯಲ್ಲಿ ತಲೆಗೆ ಎರಡು ಬಿಂದಿಗೆ.
ಎರಡರ ಲೆಕ್ಕವನ್ನೂ ಬರೆಯುವವಳು ನಾನೇ.

ಸುರಿದೆ. ಕಾಲು ಗಂಟೆಯೂ ಆಗಿರಲಿಲ್ಲ,
ಮೀಟರಿನ ಅಂಕಿ ದಡಬಡ ಮೇಲಕ್ಕೆ!
ನಾಲ್ಕು ತಿಂಗಳಿಂದ ಸತ್ತ ಹಾಗಿದ್ದ ಮಣ್ಣು
ಉಸಿರು ಬಿಡುತ್ತಿದೆ. ಕುಣಿದೇಬಿಟ್ಟೆ.
ವಜ್ರೇಶ್ವರಿ ಮೇಡಂ ಕನ್ನಡಕ ಹಣೆಗೇರಿಸಿ ನೋಡಿ
'ಪೂರಾ ಬದುಕಿದವರದ್ದಲ್ಲ ಇದು' ಎಂದರು.
'ಬರಕ್ಕೆ ಬಗ್ಗದವು ಒಮ್ಮೆಲೇ ಬಂದ ನೀರಿಗೆ ಒಡೆಯುತ್ತವೆ.
ಒಡೆದವರ ಸಕ್ಕರೆ ಉಂಡು
ಉಳಿದವರು ಬಿಟ್ಟ ಉಸಿರು.'
ಹಾಗಾದರೆ ತೇಗು ಅನ್ನಿ, ಎಂದೆ. ನಗಲಿಲ್ಲ.
'ಹೌದು, ತಿಥಿಯೂಟದ ತೇಗು.'

ನೀರಗಂಟಿ ಪಿಳ್ಳಪ್ಪನಿಗೆ ಇದು ಹೊಸತಲ್ಲ.
ತೂಬಿನ ಕಲ್ಲಿನ ಮೇಲೆ ಈಗಲೂ ಕೂರುತ್ತಾನೆ.
ಕೆಳಗೆ ಗದ್ದೆಯಿಲ್ಲ, ಕಾರು ತೊಳೆಯುವ ಶೆಡ್ಡು.
'ಬಿರುಕು ಬಿಟ್ಟ ಗದ್ದೇಗೆ ಮೊದ್ಲು ದಿನ
ಒಂದೇ ಬೆಟ್ಟು ತೂಬೆತ್ತುತಿದ್ದೆ,
ಉಪಾಸ ಇದ್ದೋನಿಗೆ ಗಂಜಿ ತಿಳಿ ಕೊಟ್ಟಂಗೆ.
ಯಾಕೇಂತ ನಮ್ಮಪ್ಪ ಯೋಳ್ಲಿಲ್ಲ. ನಾನೂ ಕೇಳ್ಲಿಲ್ಲ.'

ಮರುದಿನ ಇನ್ನೊಂದು ಸೀಸೆಗೆ
ಅದೇ ಹತ್ತು ಮಿಲಿ, ಸಂಜೆತನಕ, ಹನಿಹನಿ.
ಯಾರೂ ಹೇಳದ ಪ್ರಯೋಗ.
ಅಂಕಿ ಮೆಲ್ಲಗೆ ಏರಿತು, ಅಷ್ಟೇನೂ ಎತ್ತರಕ್ಕಲ್ಲ.
ಬದುಕಿದವು ಹೆಚ್ಚೋ ಏನೋ. ಒಂದೇ ಒಂದು ಸೀಸೆ;
ಒಂದು ಸೀಸೆ ನಂಬಿ ಏನೂ ಹೇಳುವ ಹಾಗಿಲ್ಲ.

ಮೇ ತಿಂಗಳ ಒಂದು ರಾತ್ರಿ ಒಂದೇ ಏಟಿಗೆ ಬಂತು ಮಳೆ.
ಬೆಟ್ಟಷ್ಟೇ ಎತ್ತೋಣವೆಂದರೆ
ಆಕಾಶಕ್ಕೆ ತೂಬಿಲ್ಲ.
ವಠಾರವೆಲ್ಲ ತಾರಸಿಗೆ ಓಡಿತು: ಬಕೆಟ್ಟು, ಕೊಳಗ,
ಕುಕ್ಕರು, ಮಗುವಿನ ಟಬ್ಬು.
'ಆಹಾ, ಏನು ವಾಸನೆ ನೋಡೇ!' ಮೂಗರಳಿಸಿದಳು ಸಂಪಂಗಮ್ಮ.
ನಾನೂ ಎದೆತುಂಬ ಎಳೆದುಕೊಂಡೆ.
ಯಾರ ಹುಟ್ಟೋ, ಯಾರ ತಿಥಿಯೋ, ಆ ಹೊತ್ತಿಗೆ
ಕೇಳುವ ಮನಸ್ಸಾಗಲಿಲ್ಲ.
ಪಾತ್ರೆ ಮುಗಿದು, ಚೀಲದಲ್ಲಿದ್ದ ಖಾಲಿ ಸೀಸೆಯನ್ನೂ ಇಟ್ಟೆ.

ಕೆರೆಯಲ್ಲೀಗ ಬಿರುಕು ಮುಚ್ಚಿಕೊಳ್ಳುತ್ತಿರಬೇಕು,
ಚೆಂಡಿನ ಸಮೇತ.